ಪುಸ್ತಕ ಎಲ್ಲರ ಮಕ್ಕಳಿಗೂ ಬಂತು. ಎಲ್ಲರ ಮಕ್ಕಳೂ ಪುಸ್ತಕದೊಳಗೆ ಬಂದರೇ?

ಸರ್ಕಾರಿ ಶಾಲೆಯಲ್ಲಿ ಪುಸ್ತಕ ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದಕ್ಕೆ ತಕರಾರು ತೆಗೆಯಬಾರದು ಎಂಬುದು ನಮ್ಮ ಕಚೇರಿಗಳ ಹಳೆಯ ಅಂಬೋಣ. ಕೊಟ್ಟ ಎಮ್ಮೆಯ ಹಲ್ಲು ಎಣಿಸಬೇಡಿ ಅಂತಾರೆ. ಆದರೆ ಸ್ವಾಮಿ, ಈ ಎಮ್ಮೆ ಯಾರ ಅಪ್ಪನ ಮನೆಯದು? ಅರಸೀಕೆರೆಯಲ್ಲಿ ಕೊಬ್ಬರಿ ಮಾರಿದ ರೈತ ಅಂಗಡಿಯಲ್ಲಿ ಸಾಮಾನು ಕೊಂಡಾಗ ಕಟ್ಟಿದ ತೆರಿಗೆಯಿಂದ ಬಂದದ್ದು. ಬೇಲೂರಿನ ಕಾಫಿ ತೋಟದ ಕೂಲಿಯವಳು ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ಕಾಸಿನಿಂದ ಬಂದದ್ದು. ಹಳೇಬೀಡಿನಲ್ಲಿ ಎಳನೀರು ಕೊಚ್ಚುವವನ ಕಾಸೂ ಅದರಲ್ಲಿದೆ. ಆದ್ದರಿಂದ ಹಲ್ಲು ಎಣಿಸುವ ಹಕ್ಕು ನಮಗಿದೆ. ಎಣಿಸೋಣ.

ಪ್ರಶ್ನೆ ಸರಳವಾದದ್ದು. ಸರ್ಕಾರ ಅಚ್ಚು ಹಾಕಿಸಿ ಹಂಚುವ ಪಠ್ಯಪುಸ್ತಕವನ್ನು ಈ ಎರಡು ತಾಲ್ಲೂಕುಗಳ ಎಲ್ಲ ಮಕ್ಕಳೂ ಓದಬಲ್ಲರೇ? ಕಣ್ಣು ಕಾಣದ ಮಗು, ಕಿವಿ ಕೇಳದ ಮಗು, ಮನೆಯಲ್ಲಿ ಬೇರೆ ಮಾತು ಆಡುವ ಮಗು, ಇವರೆಲ್ಲರಿಗೂ ಆ ಪುಸ್ತಕ ದಕ್ಕುತ್ತದೆಯೇ? ದಕ್ಕಿದರೂ, ತನ್ನ ಅಪ್ಪ ಅಮ್ಮ, ತನ್ನ ಕೇರಿ, ತನ್ನ ಕಸುಬು ಅದರಲ್ಲಿ ಒಂದು ಸಲವಾದರೂ ಗೌರವದಿಂದ ಕಾಣಿಸುತ್ತದೆಯೇ? ಕಾನೂನು ಇದಕ್ಕೆ ಏನು ಹೇಳುತ್ತದೆ, ಏನು ಹೇಳದೆ ಬಿಟ್ಟಿದೆ, ನಾವು ಏನು ಕೇಳಬೇಕು ಎಂಬುದು ಇಂದಿನ ಮಾತು.

ಗಂಡ ಹೆಂಡಿರ ಜಗಳ, ಬಡವಾದ ಕೂಸು

ಪಠ್ಯಪುಸ್ತಕ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು 2022ರ ಗಲಾಟೆ. ಅದನ್ನೊಮ್ಮೆ ಮೆಲುಕು ಹಾಕುವುದು ಒಳ್ಳೆಯದು. ಬರಗೂರು ರಾಮಚಂದ್ರಪ್ಪನವರ ನೇತೃತ್ವದ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017-18ರಲ್ಲಿ ಶಾಲೆಗೆ ಬಂದವು. ಮುಂದೆ ಸರ್ಕಾರ ಬದಲಾಯಿತು. ರೋಹಿತ್ ಚಕ್ರತೀರ್ಥರ ಸಮಿತಿ ಬಂತು. ಕನ್ನಡ ಭಾಷೆ ಮತ್ತು ಸಮಾಜ ವಿಜ್ಞಾನದ ಪುಸ್ತಕಗಳಿಗೆ ಮತ್ತೆ ಕತ್ತರಿ ಬಿತ್ತು. ಬಸವಣ್ಣನವರ ಪಾಠ ಸರಿಯಿಲ್ಲವೆಂದು ಮಠಾಧೀಶರು ಕೂಗಿದರು. ಅಂಬೇಡ್ಕರರ ಹೆಸರಿನ ಮುಂದಿದ್ದ 'ಸಂವಿಧಾನ ಶಿಲ್ಪಿ' ಎಂಬ ಮಾತು ಬಿಟ್ಟುಹೋಗಿದೆಯೆಂದು ಇನ್ನೊಂದು ಕಡೆಯಿಂದ ಕೂಗು ಎದ್ದಿತು. ದೇವನೂರ ಮಹಾದೇವ ಅವರು ನನ್ನ ಬರಹ ಪುಸ್ತಕದಲ್ಲಿ ಬೇಡವೆಂದು ಒಪ್ಪಿಗೆಯನ್ನೇ ವಾಪಸು ತೆಗೆದುಕೊಂಡರು. 2022ರ ಜೂನ್ 3ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸಮಿತಿಯನ್ನು ವಿಸರ್ಜಿಸಿದರು. ಸಮಿತಿ ಹೋಯಿತು, ಪುಸ್ತಕ ಉಳಿಯಿತು. ಆಮೇಲೆ ಕೆಲವು ತಿದ್ದುಪಡಿ ಬಂದವು. 'ಸಂವಿಧಾನ ಶಿಲ್ಪಿ' ಮತ್ತೆ ಸೇರಿತು.

ಅಷ್ಟಕ್ಕೇ ಮುಗಿಯಿತೇ? ಇಲ್ಲ. 2023ರಲ್ಲಿ ಮತ್ತೆ ಸರ್ಕಾರ ಬದಲಾಯಿತು. ಜೂನ್ 15ರಂದು ಮಂತ್ರಿಮಂಡಲ ಕೂತು ಹೆಡಗೇವಾರ್, ಸಾವರ್ಕರ್ ಪಾಠ ತೆಗೆಯಲು, ಸಾವಿತ್ರಿಬಾಯಿ ಫುಲೆಯವರ ಪಾಠ, ನೆಹರೂ ಮಗಳಿಗೆ ಬರೆದ ಪತ್ರ, ಅಂಬೇಡ್ಕರರ ಕುರಿತ ಪದ್ಯ ಸೇರಿಸಲು ತೀರ್ಮಾನ ಮಾಡಿತು. ಅಷ್ಟರಲ್ಲಿ ಪುಸ್ತಕ ಅಚ್ಚಾಗಿ ಹೋಗಿತ್ತು. ಶಾಲೆ ಬಾಗಿಲು ತೆರೆದಿತ್ತು. ಮೇಷ್ಟ್ರುಗಳಿಗೆ ಇಂಥ ಪಾಠ ಮಾಡಬೇಡಿ, ಇಂಥ ಪೂರಕ ಪುಸ್ತಿಕೆಯಿಂದ ಮಾಡಿ ಎಂಬ ಸೂಚನೆ ಹೋಯಿತು.

ಯಾವ ಪಾಠ ಇರಬೇಕಿತ್ತು, ಯಾವುದು ಹೋಗಬೇಕಿತ್ತು ಎಂಬುದರಲ್ಲಿ ನಮ್ಮ ಓದುಗರಲ್ಲೇ ಎರಡು ಪಂಗಡವಿದೆ. ಇರಲಿ, ಅದು ತಪ್ಪಲ್ಲ. ನಾವು ಕೇಳುವುದು ಬೇರೆ. ಆರು ವರ್ಷದೊಳಗೆ ಮೂರು ಸಲ ಪಾಠ ಅದಲು ಬದಲಾಯಿತಲ್ಲ, ಒಂದು ಸಲವಾದರೂ ವಿಧಾನಸೌಧದಲ್ಲಿ ಯಾರಾದರೂ ಎದ್ದು ನಿಂತು, "ಈ ಪುಸ್ತಕ ಕುರುಡು ಮಗುವಿಗೆ ಯಾವಾಗ ಸಿಗುತ್ತದೆ?" ಎಂಬುದನ್ನೇ ದೊಡ್ಡ ಪ್ರಶ್ನೆಯಾಗಿ ಮಾಡಿದರೇ? ಟೀವಿಯವರು ಅದಕ್ಕಾಗಿ ಒಂದು ಸಂಜೆ ಕೂಗಾಡಿದರೇ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನೋದು ಇದಕ್ಕೇ. ಪುಸ್ತಕದಲ್ಲಿ ಯಾವ ದೊಡ್ಡವರ ಹೆಸರಿರಬೇಕು ಎಂದು ದೊಡ್ಡವರು ಹೊಡೆದಾಡಿದರು. ಯಾವ ಚಿಕ್ಕವರ ಕೈಗೆ ಪುಸ್ತಕ ಮುಟ್ಟಿಲ್ಲ ಎಂದು ಕೇಳೋರೇ ಇಲ್ಲ.

ಕಾನೂನು ಇಲ್ಲದೆ ಇಲ್ಲ

"ಇದಕ್ಕೆಲ್ಲ ಕಾನೂನು ಎಲ್ಲಿದೆ?" ಎಂದು ಕೇಳುವವರಿಗೆ ಉತ್ತರ: ಒಂದಲ್ಲ, ಮೂರಿದೆ.

ಮೊದಲನೆಯದು ನಮ್ಮದೇ ಕರ್ನಾಟಕ ಶಿಕ್ಷಣ ಅಧಿನಿಯಮ, 1983. ಹೆಸರು 1983ರದ್ದು, ಜಾರಿಗೆ ಬಂದದ್ದು 1995ರಲ್ಲಿ. ಇದರ 7ನೇ ಕಲಮು ಪಠ್ಯಕ್ರಮದ ಬಗ್ಗೆ. ಧರ್ಮ, ಭಾಷೆ, ಪ್ರದೇಶಗಳ ಭೇದ ಮೀರಿ ಸಾಮರಸ್ಯ ಮತ್ತು ಸೋದರ ಭಾವ ಬೆಳೆಸುವುದು, ಹೆಣ್ಣಿನ ಗೌರವಕ್ಕೆ ಕುಂದು ತರುವ ಆಚರಣೆಗಳನ್ನು ಬಿಡುವುದು, ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು, ಇಂಥ ಸಂವಿಧಾನದ ಕರ್ತವ್ಯಗಳನ್ನು ಮಕ್ಕಳಲ್ಲಿ ಮೂಡಿಸಲು ಪಠ್ಯಕ್ರಮದಲ್ಲಿ ಅವಕಾಶ ಮಾಡಬಹುದೆಂದು ಅಲ್ಲಿ ಬರೆದಿದೆ. 'ಮಾಡಬಹುದು' ಎಂಬ ಪದ ಗಮನಿಸಿ. 'ಮಾಡಲೇಬೇಕು' ಅಲ್ಲ.

ಎರಡನೆಯದು 2009ರ ಶಿಕ್ಷಣ ಹಕ್ಕು ಕಾಯ್ದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದರ 29ನೇ ಕಲಮು ಹೆಚ್ಚು ಖಡಕ್ಕಾಗಿದೆ. ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಹೊಂದಿರಬೇಕು. ಮಗುವಿಗೆ ಭಯ, ಆಘಾತ, ಆತಂಕ ಇರಬಾರದು. ಆದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿ ಇರಬೇಕು. ಸಂವಿಧಾನದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಿ ಎನ್ನುತ್ತದೆ. ಅದು ಸೇರಿದ್ದು 1956ರಲ್ಲಿ.

ಮೂರನೆಯದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್‌ನಿಂದ ಜಾರಿ. 1995ರ ಹಳೆಯ ಕಾಯ್ದೆ 7 ಬಗೆಯ ವೈಕಲ್ಯವನ್ನು ಗುರುತಿಸಿತ್ತು. ಇದು 21 ಬಗೆಯನ್ನು ಗುರುತಿಸಿತು. 16ನೇ ಕಲಮು ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವ ಶಾಲೆ ಇರಬೇಕು ಎನ್ನುತ್ತದೆ. 17ನೇ ಕಲಮು ಬ್ರೈಲ್ ಮತ್ತು ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸಿ ಎನ್ನುತ್ತದೆ. ಕಾಯ್ದೆ ಹೇಳಿದ ಪ್ರಮಾಣದ ವೈಕಲ್ಯ ಇರುವ ಮಕ್ಕಳಿಗೆ 18 ವರ್ಷ ತುಂಬುವವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಹಾಯಕ ಸಾಧನ ಉಚಿತವಾಗಿ ಕೊಡಿ ಎನ್ನುತ್ತದೆ.

ಕಾನೂನು ಚೆನ್ನಾಗಿಯೇ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಮಾತ್ರ ಇನ್ನೂ ಹಳೆಯದಾಗಿಲ್ಲ.

ಕಣ್ಣು ಕಾಣದ ಮಗುವಿನ ಜೂನ್ ತಿಂಗಳು

ಜೂನ್‌ನಲ್ಲಿ ಹೊಸ ಪುಸ್ತಕದ ವಾಸನೆ ಎಲ್ಲ ಮಕ್ಕಳಿಗೂ ಇಷ್ಟ. ಬೈಂಡು ಹಾಕಿ, ಚೀಟಿ ಅಂಟಿಸಿ, ಹೆಸರು ಬರೆದುಕೊಂಡು ಹೋಗುತ್ತಾರೆ. ಅದೇ ಬೆಂಚಿನ ತುದಿಯಲ್ಲಿ ಕಣ್ಣು ಕಾಣದ ಮಗುವೊಂದು ಕೂತಿದ್ದರೆ ಅದಕ್ಕೂ ಅದೇ ಪುಸ್ತಕ ಕೊಟ್ಟು ರಿಜಿಸ್ಟರಿಗೆ ರುಜು ಹಾಕಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. 'ವಿತರಣೆ ಪೂರ್ಣ'. ಆದರೆ ಆ ಮಗುವಿಗೆ ಅದು ಬರೀ ಕಾಗದದ ಕಟ್ಟು.

ಬ್ರೈಲ್ ಅಂದರೆ ಆರು ಚುಕ್ಕಿಯ ಲಿಪಿ. ಭಾರತದ ಭಾಷೆಗಳಿಗೆಲ್ಲ ಒಂದೇ ಭಾರತಿ ಬ್ರೈಲ್ 1951ರಲ್ಲೇ ನಿರ್ಧಾರವಾಗಿದೆ. ಮೈಸೂರಿನಲ್ಲಿ ಸರ್ಕಾರದ ಬ್ರೈಲ್ ಮುದ್ರಣಾಲಯವೇ ಇದೆ. ಅಂದರೆ ವಿದ್ಯೆ ಹೊಸದಲ್ಲ, ಯಂತ್ರ ಅಪರೂಪದ್ದಲ್ಲ. ಬ್ರೈಲ್ ಪುಸ್ತಕ ದಪ್ಪ. ಸಾಧಾರಣ ಪುಸ್ತಕ ಒಂದಾದರೆ ಬ್ರೈಲ್‌ನಲ್ಲಿ ಹಲವು ಸಂಪುಟ ಆಗುತ್ತದೆ. ಅಚ್ಚಿಗೆ ಹೊತ್ತು ಬೇಕು. ಹೀಗಿರುವಾಗ ಮಂತ್ರಿಮಂಡಲ ಜೂನ್ ಮಧ್ಯದಲ್ಲಿ ಪಾಠ ಬದಲಿಸಿದರೆ ಬ್ರೈಲ್ ಓದುವ ಮಗುವಿನ ಗತಿ ಏನು? ಕಣ್ಣಿದ್ದವರಿಗೆ ಪೂರಕ ಪುಸ್ತಿಕೆ ತಡವಾಗಿಯಾದರೂ ಬರುತ್ತದೆ. ಬೆರಳಲ್ಲಿ ಓದುವವರಿಗೆ ಅದು ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಪಾಠ ಬದಲಿಸುವ ರಾಜಕೀಯಕ್ಕೂ ಕುರುಡು ಮಗುವಿನ ಚೀಲಕ್ಕೂ ಇರುವ ಸಂಬಂಧ ಇದು. ಇದನ್ನು ಎರಡು ಪಕ್ಷದವರೂ ಯೋಚಿಸಿದಂತಿಲ್ಲ.

ಈಗ ಬ್ರೈಲ್ ಒಂದೇ ದಾರಿಯೂ ಅಲ್ಲ. ಕಂಪ್ಯೂಟರು, ಮೊಬೈಲು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ಆ ತಂತ್ರಾಂಶ ಬಿಟ್ಟಿಯಾಗಿಯೂ ಸಿಗುತ್ತದೆ. ಆದರೆ ಒಂದು ಷರತ್ತು: ಅಕ್ಷರ ಯೂನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಪುಟ, ಇಲ್ಲವೇ ಫೋಟೋ ಹೊಡೆದು ಹಾಕಿದ ಪುಟ ಯಂತ್ರದ ಬಾಯಿಗೆ ಸಿಗುವುದಿಲ್ಲ. ಚಿತ್ರಗಳಿಗೆ, ನಕ್ಷೆಗಳಿಗೆ ಪಕ್ಕದಲ್ಲಿ ನಾಲ್ಕು ಸಾಲು ವಿವರಣೆ ಬರೆದಿರಬೇಕು. ಇದಕ್ಕೆ ಕೋಟಿ ಬೇಕಾಗಿಲ್ಲ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಒಬ್ಬರು ಜವಾಬ್ದಾರರು ಕೂತು ನೋಡಿದರೆ ಸಾಕು. ಹಕ್ಕುಸ್ವಾಮ್ಯದ ನೆಪವೂ ನಡೆಯುವುದಿಲ್ಲ. 2012ರ ತಿದ್ದುಪಡಿಯ ಪ್ರಕಾರ ಅಂಗವಿಕಲರು ಓದಲು ಬೇಕಾದ ರೂಪಕ್ಕೆ ಪುಸ್ತಕವನ್ನು ಬದಲಿಸಿಕೊಡುವುದು ಅಪರಾಧವಲ್ಲ. ಅಂಧರಿಗೆ ಪುಸ್ತಕ ದೊರಕಿಸುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಹೊರಗೆ ಮೊದಲ ಪಂಕ್ತಿ, ಒಳಗೆ?

ಅಮೆರಿಕದಲ್ಲಿ 2004ರಲ್ಲಿ ತಿದ್ದಿದ ಕಾನೂನು ಒಂದು ಏರ್ಪಾಡು ಮಾಡಿತು. ಶಾಲೆಗೆ ಪುಸ್ತಕ ಮಾರುವ ಪ್ರಕಾಶಕರು ಅದರ ಕಂಪ್ಯೂಟರ್ ಪ್ರತಿಯನ್ನು ಒಂದು ಗೊತ್ತಾದ ರೂಪದಲ್ಲಿ ಒಂದು ಕೇಂದ್ರಕ್ಕೆ ಕೊಡಬೇಕು. ಅಲ್ಲಿಂದ ಬ್ರೈಲ್, ದೊಡ್ಡಕ್ಷರ, ಧ್ವನಿ ಏನು ಬೇಕೋ ಅದು ತಯಾರಾಗುತ್ತದೆ. ಅಲ್ಲಿ ಖಾಸಗಿ ಪ್ರಕಾಶಕರನ್ನು ಬಗ್ಗಿಸಲು ಕಾನೂನು ಬೇಕಾಯಿತು. ನಮ್ಮಲ್ಲಿ ಪ್ರಕಾಶಕರು ಯಾರು? ಕರ್ನಾಟಕ ಪಠ್ಯಪುಸ್ತಕ ಸಂಘ. ಅಂದರೆ ಸರ್ಕಾರವೇ. ತನ್ನ ಬಲಗೈಯಿಂದ ತನ್ನ ಎಡಗೈಗೆ ಫೈಲು ಕೊಡಲು ಸರ್ಕಾರಕ್ಕೆ ಏನು ಕಷ್ಟ?

ಕಿವಿ ಕೇಳದ ಮಕ್ಕಳ ಮಾತೂ ಇದೇ. ಪಾಠಗಳನ್ನು ಭಾರತೀಯ ಸಂಜ್ಞಾ ಭಾಷೆಗೆ ತರಲು ಕೇಂದ್ರದ ಎನ್.ಸಿ.ಇ.ಆರ್.ಟಿ. 2020ರ ಅಕ್ಟೋಬರ್‌ನಲ್ಲಿ ಸಂಜ್ಞಾ ಭಾಷಾ ಸಂಶೋಧನಾ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡಿತು. ರಾಜ್ಯದ ಕನ್ನಡ ಪಠ್ಯಕ್ಕೂ ಅದೇ ಏರ್ಪಾಡು ಆಗಲಿ. ಹೊಯ್ಸಳರ ಪಾಠವನ್ನು ಕೈಸನ್ನೆಯಲ್ಲಿ ಹೇಳುವ ವೀಡಿಯೋವನ್ನು ಹಳೇಬೀಡಿನ ಅಂಗಳದಲ್ಲೇ ಚಿತ್ರೀಕರಿಸಬಹುದು. ಕಲ್ಲು ಮಾತಾಡುವುದಿಲ್ಲ, ಆದರೂ ಎಲ್ಲರಿಗೂ ಅರ್ಥವಾಗುತ್ತದೆ. ಅದಕ್ಕಿಂತ ಒಳ್ಳೆಯ ತರಗತಿ ಎಲ್ಲಿದೆ?

ಮನೆಯ ಮಾತು, ಶಾಲೆಯ ಮಾತು

ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರ ಕಾಲೋನಿ ಇದೆ. ಅವರ ಮನೆ ಮಾತು ವಾಗ್ರಿ, ಗುಜರಾತಿಗೆ ಹತ್ತಿರದ ನುಡಿ. ಕೂದಲೆಣ್ಣೆ, ಗಿಡಮೂಲಿಕೆ ಹಿಡಿದು ಆಫ್ರಿಕಾದ ದೇಶಗಳವರೆಗೆ ವ್ಯಾಪಾರಕ್ಕೆ ಹೋಗಿಬರುವ ಜನ ಇವರು. 2023ರಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದ ಸುದ್ದಿ ದೇಶವೆಲ್ಲ ಓದಿತು. ಅರಸೀಕೆರೆ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳಿವೆ. ಪೇಟೆಗಳಲ್ಲಿ ಉರ್ದು ಮನೆಮಾತಿನ ಕುಟುಂಬಗಳಿವೆ. ತೋಟದ ಸಾಲುಮನೆಗಳಿಗೆ ಹೊರ ರಾಜ್ಯದ ಕೂಲಿಯವರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ.

ಒಂದನೇ ತರಗತಿಗೆ ಬಂದ ಈ ಮಗುವಿಗೆ ಕನ್ನಡ ಅಕ್ಷರ ಮಾತ್ರ ಹೊಸದಲ್ಲ, ಕನ್ನಡ ಮಾತೇ ಹೊಸದು. ಮೇಷ್ಟ್ರು 'ಅ' ಅಂದರೆ 'ಅರಸ' ಅಂತಾರೆ. ಮಗುವಿಗೆ 'ಅ' ಕೂಡ ಗೊತ್ತಿಲ್ಲ, ಅರಸನೂ ಗೊತ್ತಿಲ್ಲ. ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಕೂತರೆ 'ದಡ್ಡ' ಎಂಬ ಬಿರುದು ಸಿಗುತ್ತದೆ. ಆರನೇ ತರಗತಿಗೆ ಬರುವ ಹೊತ್ತಿಗೆ ಶಾಲೆ ಬಿಡುತ್ತದೆ. ಆಮೇಲೆ ನಾವು, ಆ ಜನಕ್ಕೆ ವಿದ್ಯೆಯಲ್ಲಿ ಆಸಕ್ತಿಯಿಲ್ಲ ಎಂದು ಷರಾ ಬರೆಯುತ್ತೇವೆ.

ಕನ್ನಡ ಬಿಡಿ ಎಂದು ನಾವು ಹೇಳುತ್ತಿಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರದೆಂದು ಹೇಳುವ ಹಲ್ಮಿಡಿ ಶಾಸನ ಸಿಕ್ಕಿದ್ದು ಇದೇ ಬೇಲೂರು ತಾಲ್ಲೂಕಿನಲ್ಲಿ. ಈ ನೆಲದಲ್ಲಿ ಕೂತು ಕನ್ನಡ ಬೇಡವೆಂದವನ ನಾಲಿಗೆ ನಿಲ್ಲುವುದಿಲ್ಲ. ನಾವು ಕೇಳುವುದು ಕನ್ನಡಕ್ಕೆ ಏಣಿ. ಮೊದಲ ಎರಡು ವರ್ಷ ವಾಗ್ರಿ ಪದ, ಲಂಬಾಣಿ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದ ಚಿತ್ರಪುಸ್ತಕ ಇರಲಿ. ಅಜ್ಜಿ ಹೇಳುವ ಕಥೆ ಅದರಲ್ಲಿರಲಿ. ಆ ಏಣಿ ಹತ್ತಿ ಮಗು ಕನ್ನಡಕ್ಕೆ ಬರುತ್ತದೆ. ಇದು ಹೊಸ ಕಲ್ಪನೆಯೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಹುಟ್ಟಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ, ಮಗುವನ್ನು ಪುಸ್ತಕದ ವೇಗಕ್ಕೆ ಓಡಿಸದೆ ಕಲಿಕೆಯನ್ನು ಮಗುವಿನ ವೇಗಕ್ಕೆ ಇಳಿಸಿತು. ಅದನ್ನು ಕಟ್ಟಿದವರಲ್ಲಿ ಹಳ್ಳಿಯ ಮೇಷ್ಟ್ರುಗಳಿದ್ದರು. ಅಂಥವರು ನಮ್ಮಲ್ಲೂ ಇದ್ದಾರೆ.

ಇದನ್ನು ಒಪ್ಪದವರು ಒಮ್ಮೆ ಕಾಸರಗೋಡಿನ ಕಡೆ ನೋಡಲಿ. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನಾವೂ ಇಲ್ಲಿಂದ ಅವರಿಗೆ ದನಿಗೂಡಿಸಿದೆವು. ನಮ್ಮ ಮಕ್ಕಳಿಗೆ ಅಲ್ಲಿ ಕನ್ನಡ ಪುಸ್ತಕ ಬೇಕು, ಕನ್ನಡ ಬಲ್ಲ ಶಿಕ್ಷಕರು ಬೇಕು ಎಂದೆವು. ನ್ಯಾಯ. ಹಾಗಾದರೆ ಅಂಗಡಿಹಳ್ಳಿಯ ಮಗು ಅದನ್ನೇ ನಮ್ಮ ಕಡೆ ತಿರುಗಿ ಕೇಳಿದರೆ? ಅಲ್ಲಿ ಬೇಡುವಾಗ ಒಂದು ನ್ಯಾಯ, ಇಲ್ಲಿ ನೀಡುವಾಗ ಇನ್ನೊಂದು ನ್ಯಾಯ ಆಗದು.

ಕಲ್ಲಿನಲ್ಲಿ ಇದ್ದವರು ಪುಸ್ತಕದಲ್ಲಿ ಯಾಕಿಲ್ಲ?

ಇನ್ನು ಪುಸ್ತಕದ ಒಳಗಿನ ಮಾತು. ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಟಾಕಿ ಹೊಡೆದೆವು, ಫ್ಲೆಕ್ಸು ಕಟ್ಟಿದೆವು. ಹೊಯ್ಸಳರ ಪಾಠವೆಂದರೆ ನಮಗೆ ನೆನಪಿರುವುದು ಏನು? ಸಳ ಹುಲಿಯನ್ನು ಹೊಡೆದ, ವಿಷ್ಣುವರ್ಧನ ಗೆದ್ದ, ದೇವಸ್ಥಾನ ಕಟ್ಟಿಸಿದ. ಸರಿ. ಕೆತ್ತಿದವರು ಯಾರು?

ಉತ್ತರ ಕಲ್ಲಿನ ಮೇಲೇ ಇದೆ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಒಂಬೈನೂರು ವರ್ಷದ ಹಿಂದೆ, ರಾಜನ ಕಾಲದಲ್ಲಿ, ಕೆಲಸ ಮಾಡಿದವನಿಗೆ ತನ್ನ ಹೆಸರು ಬರೆಯುವ ಜಾಗ ಇತ್ತು. ಪ್ರಜಾಪ್ರಭುತ್ವದ ಪಠ್ಯಪುಸ್ತಕದಲ್ಲಿ ಅವನಿಗೆ ಒಂದು ಪಾಠದಷ್ಟು ಜಾಗ ಬೇಡವೇ? ಕಲ್ಲು ಒಡೆಯುವವರ ಮಗ, ಬಡಗಿಯ ಮಗಳು ಅದನ್ನು ಓದಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದಿಲ್ಲವೇ?

ಬೇಲೂರಿನಲ್ಲಿ ಚೆನ್ನಕೇಶವ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಪಾರ್ಶ್ವನಾಥ, ಶಾಂತಿನಾಥ, ಆದಿನಾಥ ಬಸದಿಗಳು. ಶಾಂತಲೆ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದಳು. ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. ಒಂದೇ ಮನೆಯಲ್ಲಿ ಎರಡು ಧರ್ಮ ಬಾಳಿದ ಊರು ಇದು. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ ಲಕ್ಷ್ಮೀನರಸಿಂಹನ ಹೊಯ್ಸಳ ಗುಡಿಯೂ ಇದೆ, ಎಲ್ಲ ಜಾತಿಯವರು ಹರಕೆ ಹೊರುವ ದರ್ಗಾವೂ ಇದೆ. ಬೇಲೂರಿನ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಪಠಿಸುವ ಪದ್ಧತಿಯ ಬಗ್ಗೆ 2022, 2023ರಲ್ಲಿ ಎದ್ದ ವಿವಾದ ಎಲ್ಲರಿಗೂ ಗೊತ್ತು. ಪದ್ಧತಿ ಇರಲಿ ಎನ್ನುವವರೂ ಬೇಡ ಎನ್ನುವವರೂ ಬೀದಿಯಲ್ಲಿ ಕೂಗಿದರು. ಅದರ ಹಿನ್ನೆಲೆ ಏನು, ದಾಖಲೆ ಏನು ಹೇಳುತ್ತದೆ ಎಂದು ಮಕ್ಕಳಿಗೆ ತಾಳ್ಮೆಯಿಂದ ಹೇಳಿಕೊಟ್ಟಿದ್ದರೆ ದೊಡ್ಡವರಾದ ಮೇಲೆ ಕಲ್ಲು ಎತ್ತುವ ಮುಂಚೆ ಒಂದು ಕ್ಷಣ ಯೋಚಿಸುತ್ತಾರೆ. 7ನೇ ಕಲಮಿನ ಸಮ್ಮಿಶ್ರ ಸಂಸ್ಕೃತಿ ಅಂದರೆ ಇದೇ ಅಲ್ಲವೇ?

ಇನ್ನೊಂದು ಉದಾಹರಣೆ ನಮ್ಮ ಹಾಸನದ್ದೇ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಉರ್ದು ಮನೆಮಾತಿನ ಆ ಹುಡುಗಿಯನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಕೆಲವೇ ದಿನಗಳಲ್ಲಿ ಬರೆಯತೊಡಗಿದರಂತೆ. ಆ ಶಾಲೆಯ ಬಾಗಿಲು ಅಂದು ಮುಚ್ಚಿದ್ದರೆ ನಷ್ಟ ಯಾರಿಗೆ? ಆ ಹುಡುಗಿಗೆ ಮಾತ್ರವೇ? ಕನ್ನಡಕ್ಕೆ.

ಹೆಣ್ಣುಮಕ್ಕಳ ವಿಚಾರ ದೊಡ್ಡ ಭಾಷಣ ಬೇಡ, ಒಂದು ಚಿತ್ರ ಸಾಕು. 2024ರಲ್ಲಿ ಕೇರಳದವರು 3ನೇ ತರಗತಿಯ ಮಲಯಾಳ ಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುವ ಚಿತ್ರ ಹಾಕಿದರು. ಅದು ಸುದ್ದಿಯಾಯಿತು. ತೆಂಗಿಗೆ ಹೆಸರಾದ ಊರು ಅರಸೀಕೆರೆ. ಕಾಯಿ ಕೀಳುವುದು, ಸುಲಿಯುವುದು, ಮಾರುವುದು ಗಂಡಸಿನ ಕೆಲಸ, ತುರಿಯುವುದು ಮಾತ್ರ ಯಾಕೆ ಹೆಂಗಸಿನದು ಎಂದು ನಮ್ಮ ಹುಡುಗ ಒಂದು ದಿನ ಕೇಳಿದರೆ ಪುಸ್ತಕ ಸಾರ್ಥಕ.

ಆಕ್ಷೇಪಣೆಗಳಿಗೆ ಉತ್ತರ

"ಎಲ್ಲ ಜಾತಿ, ಎಲ್ಲ ಪಂಗಡದವರೂ ನಮಗೊಂದು ಪಾಠ ಅಂದರೆ ಪುಸ್ತಕ ಹೊರುವುದಕ್ಕೆ ಗಾಡಿ ಬೇಕಾಗುತ್ತದೆ" ಎಂಬುದು ಒಂದು ಆಕ್ಷೇಪಣೆ. ಮಾತಿನಲ್ಲಿ ಹುರುಳಿದೆ. ಆದರೆ ಮೀಸಲಾತಿ ಪಟ್ಟಿಯಂತೆ ಪಾಠ ಹಂಚಿ ಎಂದು ನಾವು ಕೇಳುತ್ತಿಲ್ಲ. ಗಣಿತದ ಲೆಕ್ಕದಲ್ಲಿ ರಾಮನ ಜೊತೆ ರಹೀಮ, ಮೇರಿ ಇರಲಿ. ವಿಜ್ಞಾನದ ಚಿತ್ರದಲ್ಲಿ ಗಾಲಿಕುರ್ಚಿಯಲ್ಲಿ ಕೂತ ಹುಡುಗಿ ಪ್ರಯೋಗ ಮಾಡಲಿ. ಇದಕ್ಕೆ ಪುಟ ಹೆಚ್ಚಾಗುವುದಿಲ್ಲ. ಸ್ಥಳೀಯ ಸಂಗತಿಗೆ ಜಿಲ್ಲೆಗೊಂದು ತೆಳ್ಳನೆಯ ಪೂರಕ ಪುಸ್ತಿಕೆ ಸಾಕು. ಬೀದರಿನ ಮಗು ಬೀದರ್ ಓದಲಿ, ಹಾಸನದ ಮಗು ಹಾಸನ ಓದಲಿ.

"ದುಡ್ಡೆಲ್ಲಿ?" ಎಂಬುದು ಎರಡನೆಯದು. ಸರ್ಕಾರ ಬದಲಾದಾಗಲೆಲ್ಲ ಪುಸ್ತಕ ತಿದ್ದಿ, ಮತ್ತೆ ಅಚ್ಚು ಹಾಕಿ, ಪುಸ್ತಿಕೆ ಹಂಚುವುದಕ್ಕೆ ದುಡ್ಡಿರುವಾಗ ಬ್ರೈಲಿಗೆ ಯಾಕಿಲ್ಲ?

"ಇದು ಹೊರದೇಶದ ಶೋಕಿ" ಎಂಬುದು ಮೂರನೆಯದು. ಹೊರದೇಶದಲ್ಲೂ ಇದು ಜಗಳವಿಲ್ಲದೆ ಬಂದದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ 2011ರಲ್ಲಿ ಅಂಗವಿಕಲರು, ಲೈಂಗಿಕ ಅಲ್ಪಸಂಖ್ಯಾತರು ದೇಶಕ್ಕೆ ಕೊಟ್ಟ ಕೊಡುಗೆಯನ್ನೂ ಚರಿತ್ರೆಯಲ್ಲಿ ಹೇಳಿ ಎಂಬ ಕಾನೂನಾಯಿತು. ಇಲಿನಾಯ್ ರಾಜ್ಯದಲ್ಲಿ 2021ರಲ್ಲಿ ಏಷ್ಯಾ ಮೂಲದ ಅಮೆರಿಕನ್ನರ ಚರಿತ್ರೆ ಕಡ್ಡಾಯವಾಯಿತು. ಅಲ್ಲಿ ನೆಲೆಸಿದ ನಮ್ಮ ಹಾಸನದ ಇಂಜಿನಿಯರನ ಮಗನೂ ಆ ಲೆಕ್ಕಕ್ಕೆ ಸೇರುತ್ತಾನೆ! ಅಲ್ಲಿ ನಮ್ಮವರ ಮಕ್ಕಳು ಅಲ್ಪಸಂಖ್ಯಾತರಾದಾಗ ಪುಸ್ತಕದಲ್ಲಿ ಜಾಗ ಬೇಕು, ಇಲ್ಲಿ ಹಕ್ಕಿಪಿಕ್ಕಿ ಮಗುವಿಗೆ ಬೇಡ ಎನ್ನಲಾದೀತೇ?

ಏನಾಗಬೇಕು?

ಈಗ ಪಠ್ಯ ಸಮಿತಿಗಳು ಹುಟ್ಟುವುದೂ ಸಾಯುವುದೂ ಸರ್ಕಾರಿ ಆದೇಶದ ಮೇಲೆ. ಇದು ನಿಲ್ಲಬೇಕು. ಶಿಕ್ಷಣ ಅಧಿನಿಯಮಕ್ಕೆ ತಿದ್ದುಪಡಿ ತನ್ನಿ. ಅದರಲ್ಲಿ ಇಷ್ಟಾದರೂ ಇರಲಿ:

ಒಂದು, 'ಮಾಡಬಹುದು' ಎಂಬುದು 'ಮಾಡಬೇಕು' ಆಗಲಿ.

ಎರಡು, ಪಠ್ಯ ಸಮಿತಿಗೆ ಗೊತ್ತಾದ ಅವಧಿ ಇರಲಿ. ಅದರಲ್ಲಿ ಶಾಲಾ ಶಿಕ್ಷಕರು, ಮಹಿಳೆಯರು, ಅಂಗವಿಕಲರು, ಬುಡಕಟ್ಟಿನವರು ಇರಲಿ. ಹೆಸರಿಗಲ್ಲ, ಕೆಲಸಕ್ಕೆ.

ಮೂರು, ಕರಡು ಪಾಠವನ್ನು ಅಚ್ಚಿಗೆ ಮುಂಚೆ ಜನರ ಮುಂದೆ ಇಡಿ. ಬಂದ ಆಕ್ಷೇಪಣೆಗೆ ಕಾರಣ ಕೊಟ್ಟು ಉತ್ತರ ಬರೆಯಿರಿ.

ನಾಲ್ಕು, ಶಾಲೆ ತೆರೆದ ಮೇಲೆ ಆ ವರ್ಷದ ಪಾಠ ಮುಟ್ಟಬೇಡಿ. ಯಾವ ಪಕ್ಷ ಗೆದ್ದರೂ ಸರಿ.

ಐದು, ಬ್ರೈಲ್, ದೊಡ್ಡಕ್ಷರ, ಧ್ವನಿ ರೂಪ ಸಿದ್ಧವಾಗದೆ ಯಾವ ಪುಸ್ತಕವನ್ನೂ 'ಬಿಡುಗಡೆ' ಮಾಡಬೇಡಿ. ಎಲ್ಲ ಮಕ್ಕಳಿಗೂ ಒಂದೇ ದಿನ.

ಸುಖದೇವ್ ಥೋರಟ್ ಅವರ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿದೆ. ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆ ಎಂಬುದು ಅದರ ಶಿಫಾರಸುಗಳಲ್ಲಿ ಒಂದು. ಆ 'ಅಥವಾ' ಪದಕ್ಕೆ ಅರ್ಥ ಬರಬೇಕಾದರೆ ಆ ಭಾಷೆಗಳಲ್ಲಿ ಪುಸ್ತಕ ಬೇಕು. ವರದಿ ಕಪಾಟಿನಲ್ಲಿ ಧೂಳು ತಿನ್ನದಿರಲಿ.

ಬೆಂಗಳೂರು ಎದ್ದೇಳುವ ತನಕ ನಾವು ಕೈ ಕಟ್ಟಿ ಕೂರಬೇಕಾಗಿಲ್ಲ. ಅರಸೀಕೆರೆ, ಬೇಲೂರಿನ ಬಿ.ಇ.ಓ. ಸಾಹೇಬರಲ್ಲಿ ಒಂದು ವಿನಂತಿ: ತಾಲ್ಲೂಕಿನಲ್ಲಿ ಬ್ರೈಲ್ ಬೇಕಾದ ಮಕ್ಕಳೆಷ್ಟು, ದೊಡ್ಡಕ್ಷರ ಬೇಕಾದವರೆಷ್ಟು, ಎಷ್ಟು ಜನಕ್ಕೆ ಯಾವ ದಿನ ಪುಸ್ತಕ ಕೊಟ್ಟಿರಿ ಎಂಬ ಪಟ್ಟಿಯನ್ನು, ಮಕ್ಕಳ ಹೆಸರು ಬಿಟ್ಟು, ಕಚೇರಿ ಬಾಗಿಲಿಗೆ ಅಂಟಿಸಿ. ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಬೇರೆ ಗುಮಾಸ್ತಿಕೆಗೆ ಹಚ್ಚಬೇಡಿ. ಎಸ್.ಡಿ.ಎಂ.ಸಿ. ಸದಸ್ಯರೇ, ಬಿಸಿಯೂಟದ ಬೇಳೆ ಲೆಕ್ಕ ಕೇಳುವಂತೆ ಈ ಲೆಕ್ಕವನ್ನೂ ಸಭೆಯಲ್ಲಿ ಕೇಳಿ. ಪುಸ್ತಕ ಸಿಗದ ಮಕ್ಕಳ ತಂದೆತಾಯಿಗಳೇ, 2005ರ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ರಾಜ್ಯದ ಅಂಗವಿಕಲರ ಆಯುಕ್ತರಿಗೆ, ಮಕ್ಕಳ ಹಕ್ಕುಗಳ ಆಯೋಗಕ್ಕೆ ದೂರು ಬರೆಯಿರಿ. ಕಾನೂನು ಆ ಬಾಗಿಲುಗಳನ್ನು ನಿಮಗಾಗಿಯೇ ಇಟ್ಟಿದೆ. ಅಂಗಡಿಹಳ್ಳಿಯ ಹಿರಿಯರ ಕಥೆಗಳನ್ನು ಬರೆದುಕೊಳ್ಳಲು ಯಾವ ಸುತ್ತೋಲೆಯೂ ಬೇ​ಕಿಲ್ಲ; ಒಬ್ಬ ಮೇಷ್ಟ್ರು, ಒಂದು ನೋಟುಬುಕ್ಕು ಸಾಕು.

ನಮ್ಮ ಶಾಸಕರುಗಳಿಗೂ ಒಂದು ಮಾತು. ಪುಸ್ತಕದಲ್ಲಿ ಯಾವ ಮಹಾಪುರುಷರು ಇರಬೇಕೆಂದು ನೀವು ಸದನದಲ್ಲಿ ಎಷ್ಟು ಬೇಕಾದರೂ ಚರ್ಚೆ ಮಾಡಿ. ಆದರೆ ಮುಂದಿನ ಅಧಿವೇಶನದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ ಬನ್ನಿ: ಈ ಜೂನ್‌ನಲ್ಲಿ ಹಾಸನ ಜಿಲ್ಲೆಯ ಕಣ್ಣು ಕಾಣದ ಎಷ್ಟು ಮಕ್ಕಳಿಗೆ ಶಾಲೆ ತೆರೆದ ದಿನವೇ ಪುಸ್ತಕ ಸಿಕ್ಕಿತು? ಉತ್ತರವನ್ನು ಈ ಅಂಕಣದಲ್ಲಿ ಅಚ್ಚು ಹಾಕಲು ನಾವು ಸಿದ್ಧ. ಕೇಳುವ ಧೈರ್ಯ ಯಾರಿಗಿದೆ, ನೋಡೋಣ.